ಪಟ್ಟಿಯಲ್ಲಿಲ್ಲದ ಹೆಸರು

"ಇದನ್ನ ನೀವು ಓದಿದ್ದೀರಾ?"

ಕೇಳಿದ್ದು ಇಷ್ಟೇ. ಆದರೆ ಆ ಪ್ರಶ್ನೆ ಬಿದ್ದ ರಭಸಕ್ಕೆ ಗ್ರಂಥಾಲಯದ ಫ್ಯಾನುಗಳು ತಿರುಗುವುದನ್ನೇ ಮರೆತವು, ಕಪಾಟಿನ ದಪ್ಪ ದಪ್ಪ ನಿಘಂಟುಗಳು ಬೆವರಿದವು, ಮೂಲೆಯ ಮೇಜಿನ ಮೇಲೆ ತಲೆಯಿಟ್ಟು ವರ್ಷಗಳಿಂದ ನಿದ್ದೆ ಹೊಡೆಯುತ್ತಿದ್ದ ಸಂಶೋಧಕನೊಬ್ಬ ಧಡಕ್ಕನೆ ಎದ್ದು ಕೂತ. ಸುಳ್ಳು ಅನ್ನಿಸಿದರೆ ಆ ಸಂಶೋಧಕನನ್ನೇ ಕೇಳಿ... ಮತ್ತೆ ಮಲಗುವುದರೊಳಗೆ ಕೇಳಬೇಕು, ಅಷ್ಟೇ!

"ಓದಿದ್ದೀನಿ!" ಅಂದಳು ಅವಳು, ಗಲ್ಲ ಎತ್ತಿ.

ಓದಿರಲಿಲ್ಲ.

ಕೌಂಟರಿನ ಆಚೆ ಕುಳಿತವನು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಅವಳನ್ನೇ ನೋಡಿದ. ಅಬ್ಬಾ, ಆ ಕಣ್ಣುಗಳು! ಅವಳ ಎದೆ ಒಂದು ಸಲ ಹಾರಿ ಗಂಟಲಿಗೆ ಬಂದು ಕೂತಿತು.

'ಇಂಥ ಕಣ್ಣು ಇಟ್ಕೊಂಡು ಇಂಥ ಕೆಲಸ ಮಾಡ್ತಾನಲ್ಲ, ಪಾಪಿ...'

ಅವನ ಕೆಲಸವೇನು ಗೊತ್ತೇ? ಆ ವಿಶ್ವವಿದ್ಯಾಲಯದಲ್ಲಿ ಯಾರು ಪಿಎಚ್‌ಡಿ ಪ್ರಬಂಧ ಬರೆದರೂ ಅದರ ಕೊನೆಯಲ್ಲಿ ಒಂದು ಆಕರ ಪಟ್ಟಿ ಇರಬೇಕು. ಯಾವ ಪುಸ್ತಕದಿಂದ, ಯಾವ ಲೇಖನದಿಂದ ಯಾವ ಮಾತು ತೆಗೆದುಕೊಂಡೆ ಅಂತ ಒಪ್ಪಿಕೊಳ್ಳುವ ಪಟ್ಟಿ. ಅದರಲ್ಲಿನ ಒಂದೊಂದು ಹೆಸರು, ಇಸವಿ, ಸಂಪುಟ, ಪುಟ ನಿಜವೋ ಸುಳ್ಳೋ ಅಂತ ಅವನು ನೋಡಬೇಕು. ಅವನ ಸೀಲು ಬೀಳದೆ ಪ್ರಬಂಧ ಆ ಕಟ್ಟಡದ ಮೆಟ್ಟಿಲು ಇಳಿಯುವಂತಿಲ್ಲ. ಒಂದು ಅಲ್ಪವಿರಾಮ ಕಡಿಮೆಯಾದರೂ ವಾಪಸ್ಸು! ಹಾಗೆ ವಾಪಸ್ಸು ಬಂದ ಪ್ರಬಂಧಗಳನ್ನು ಒಂದರ ಮೇಲೊಂದು ಪೇರಿಸಿದರೆ ಚಂದ್ರನಿಗೆ ಮೆಟ್ಟಿಲಾಗುತ್ತದೆ, ಆಮೇಲೂ ನಾಲ್ಕು ಉಳಿಯುತ್ತವೆ. ಅದಕ್ಕೇ ಎಲ್ಲರೂ ಅವನನ್ನು 'ಅಲ್ಪವಿರಾಮ' ಅಂತಲೇ ಕರೆಯುತ್ತಿದ್ದರು. ನಿಜವಾದ ಹೆಸರು ಸಂಬಳ ಹಾಕುವ ಗುಮಾಸ್ತನಿಗೂ ನೆನಪಿರಲಿಲ್ಲ.

ನಮ್ಮ ಹುಡುಗಿಯೇನು ಕಡಿಮೆಯವಳೇ? ಐದು ವರ್ಷ ಇರುವೆಗಳ ಹಿಂದೆ ನಡೆದವಳು! ಇರುವೆಗಳು ದಾರಿಯಲ್ಲಿ ಬಿಟ್ಟುಹೋಗುವ ವಾಸನೆಯ ಗೆರೆಯನ್ನು ಒರೆಸಿಬಿಟ್ಟರೆ ಅವು ಹೇಗೆ ಮನೆ ಸೇರುತ್ತವೆ ಅನ್ನುವುದು ಅವಳ ಸಂಶೋಧನೆ. ನೆಲ ನೋಡದೆ ಅವಳು ಹೆಜ್ಜೆ ಇಟ್ಟಿದ್ದನ್ನು ಕಂಡವರೇ ಇಲ್ಲ. ಅವಳಿಗೂ ಒಂದು ಹೆಸರು ಬಿದ್ದಿತ್ತು: ಇರುವೆ ಮೇಡಂ.

"ನಾನು ಮುಂದಿನಿಂದ ಓದಲ್ಲ ಮೇಡಂ," ಅಂದ ಅಲ್ಪವಿರಾಮ. "ಪಟ್ಟಿ ಮಾತ್ರ ಓದೋದು. ಒಳಗಿರೋದು ನಿಮ್ಮ ಗೈಡ್ ಪಾಡು. ಜನ ಮುಂದೆ ಜಂಬ ಕೊಚ್ಕೋತಾರೆ, ಹಿಂದೆ ಸಿಕ್ಕಿಬೀಳ್ತಾರೆ."

ಹೀಗೆಂದವನೇ ಅವಳ ಪ್ರಬಂಧವನ್ನು ಬೆನ್ನಿನಿಂದ ಹಿಡಿದು, ತಲೆಕೆಳಗೆ ಮಾಡಿ, ಪಟಪಟ ಅಲ್ಲಾಡಿಸಿದ. ಅದು ಅವನ ಪದ್ಧತಿ. ಯಾರ ಪ್ರಬಂಧ ಬಂದರೂ ಮೊದಲು ಹೀಗೆ ಜಾಡಿಸಿ, ಹಾಳೆಗಳ ನಡುವೆ ಸಿಕ್ಕಿಕೊಂಡದ್ದನ್ನೆಲ್ಲ ಉದುರಿಸಿ, ಆಮೇಲೆ ಕೆಲಸ ಶುರು.

ಮೊದಲು ಒಂದು ಹೇರ್‌ಪಿನ್ನು ಬಿತ್ತು. ಆಮೇಲೆ ಬಸ್ ಟಿಕೆಟ್ಟು. ಆಮೇಲೆ ಬಿಸ್ಕತ್ತಿನ ಪುಡಿ. ಕೊನೆಗೆ... ಒಂದು ಸತ್ತ ಇರುವೆ.

ಸಾಲಿನಲ್ಲಿ ನಿಂತವರು ಕಿಸಕ್ಕೆಂದರು.

"ಇದೂ ಆಕರಾನಾ ಮೇಡಂ?" ಅವನು ಇರುವೆಯನ್ನು ಒಂದು ಕಾಗದದ ಮೇಲೆ ಮೆಲ್ಲಗೆ ಎತ್ತಿಟ್ಟ.

"ಸರ್, ನಂಗೆ ತಮಾಷೆಗೆ ಟೈಮಿಲ್ಲ. ಈ ತಿಂಗಳು ಮುಗಿಯೋದ್ರೊಳಗೆ ಸಲ್ಲಿಸದೇ ಇದ್ರೆ ನನ್ನ ನೋಂದಣಿ ರದ್ದಾಗತ್ತೆ. ಐದು ವರ್ಷ ನೀರಲ್ಲಿ ಹೋಮ!"

"ಹಾಗಾದ್ರೆ ಬೇಗ ಹೇಳಿ. ಮೂರನೇ ಅಧ್ಯಾಯಕ್ಕೆ ಈ ಹಳೇ ಲೇಖನ ಆಧಾರ ಅಂತ ಹಾಕಿದ್ದೀರಲ್ಲ. ಅದರ ಎರಡನೇ ಪುಟದಲ್ಲಿ ಒಂದು ಚಿತ್ರ ಇದೆ. ಏನು ಚಿತ್ರ?"

'ಇರುವೆ ಲೇಖನದಲ್ಲಿ ಇನ್ನೇನಿರತ್ತೆ, ಆನೇನಾ?'

"ಇರುವೆ!" ಅಂದಳು ಧೈರ್ಯವಾಗಿ.

ಅವನು ಮೇಜಿನ ಕೆಳಗಿನಿಂದ ಒಂದು ಹಳೆಯ ಸಂಪುಟ ಎತ್ತಿ ಅವಳ ಮುಂದೆ ಬಿಚ್ಚಿಟ್ಟ. ಎದ್ದ ಧೂಳಿಗೆ ಅರ್ಧ ಸಾಲು ಸೀನಿತು.

ಚಿತ್ರದಲ್ಲಿ ಒಂದು ಹುತ್ತ.

"ಗೆದ್ದಲು," ಅಂದ. "ಶುರುವಿಂದ ಕೊನೇವರೆಗೂ ಗೆದ್ದಲು. ಇರುವೆ ಅನ್ನೋ ಮಾತು ಒಂದೇ ಕಡೆ ಬರತ್ತೆ... 'ಇವು ಇರುವೆಗಳಲ್ಲ' ಅಂತ."

ಅವಳು ಸಂಪುಟವನ್ನು ಹತ್ತಿರಕ್ಕೆ ಎಳೆದುಕೊಂಡು ನೋಡಿದಳು.

"ಯಾರೋ ಒಬ್ಬರು ಓದದೇನೇ ಇದನ್ನ ಇರುವೆ ಲೇಖನ ಅಂತ ಹಾಕ್ಕೊಂಡ್ರು. ಅವರ ಪಟ್ಟಿ ನೋಡಿ ಇನ್ನೊಬ್ಬರು. ಅವರದ್ದು ನೋಡಿ ಮತ್ತೊಬ್ಬರು. ಆ ಸಾಲಿನ ಕೊನೇಲಿ ನೀವು."

"ಆದ್ರೆ... ನನ್ನ ಮೂರನೇ ಅಧ್ಯಾಯ ಪೂರ್ತಿ ಇದರ ಮೇಲೆ ನಿಂತಿದೆ ಸರ್!"

"ಗೆದ್ದಲ ಮೇಲೆ ನಿಂತಿದ್ದು ಎಷ್ಟು ದಿನ ನಿಲ್ಲತ್ತೆ ಮೇಡಂ?"

ಸಾಲಿಗೆ ಸಾಲೇ ಗೊಳ್ಳೆಂದು ನಕ್ಕಿತು. ಅವಳು ಪ್ರಬಂಧ ಬಾಚಿಕೊಂಡು, ಹೇರ್‌ಪಿನ್ನು ಕಿತ್ತುಕೊಂಡು, ಬಾಗಿಲ ತನಕ ಹೋಗಿ, ಮತ್ತೆ ತಿರುಗಿ ಬಂದು ಆ ಸತ್ತ ಇರುವೆಯನ್ನೂ ಕಾಗದ ಸಮೇತ ಎತ್ತಿಕೊಂಡು ಹೋದಳು. ಅವಮಾನವಾದರೇನು, ಸ್ವಂತದ ಇರುವೆ!

---

"ಮನುಷ್ಯನಾ ಅಮ್ಮಾ ಅವನು! ಎಲ್ಲರ ಎದುರಿಗೆ ಮಾನ ಕಳೆದ!"

ಅಮ್ಮ ಪ್ರೌಢಶಾಲೆಯ ಪಿ.ಟಿ. ಟೀಚರು. ಮೈದಾನದ ಈ ತುದಿಯಲ್ಲಿ 'ಸಾವಧಾನ್' ಅಂದರೆ ಆ ತುದಿಯ ಮರದ ಮೇಲಿನ ಕಾಗೆಗಳೂ ನೆಟ್ಟಗೆ ನಿಲ್ಲುತ್ತಿದ್ದವು. ಮನೆಯಲ್ಲೂ ಕೊರಳಿನಿಂದ ಸೀಟಿ ಇಳಿಯುತ್ತಿರಲಿಲ್ಲ.

"ಅವನು ಹೇಳಿದ್ದು ಸುಳ್ಳಾ?"

"...ಸುಳ್ಳಲ್ಲ."

"ನೀನು ಓದಿದ್ದಾ?"

"...ಇಲ್ಲ."

"ಹಂಗಾದ್ರೆ ಫೌಲ್ ನಿಂದು." ಅಮ್ಮ ಅನ್ನಕ್ಕೆ ಸಾರು ಬಡಿಸುತ್ತಾ ತೀರ್ಪು ಕೊಟ್ಟಳು. ಆಮೇಲೆ ಸ್ವಲ್ಪ ತಡೆದು, "ಮದುವೆ ಆಗಿದೆಯಂತಾ ಅವನಿಗೆ?"

"ಅಮ್ಮಾ!!"

"ಸುಮ್ನೆ ಕೇಳಿದೆ ಕಣೇ. ಕಣ್ಣು ಕಣ್ಣು ಅಂತ ಆಗ್ಲಿಂದ ನೀನೇ ಬಡ್ಕೋತಿದ್ದೀಯ."

ಮರುದಿನ ಬೆಳಿಗ್ಗೆ ಅವಳು ಗ್ರಂಥಾಲಯಕ್ಕೆ ಹೋದದ್ದು ಜಗಳಕ್ಕೆ. ಜಗಳದ ಮಾತುಗಳನ್ನೆಲ್ಲ ಬಸ್ಸಿನಲ್ಲೇ ಬಾಯಿಪಾಠ ಮಾಡಿಕೊಂಡಿದ್ದಳು. ಆದರೆ ಕೌಂಟರಿನಲ್ಲಿ ಅವನಿರಲಿಲ್ಲ. ಪಕ್ಕದ ಕಿಟಕಿಯ ಹತ್ತಿರ ಒದ್ದೆ ಬಟ್ಟೆ ಹಿಡಿದು, ಬಗ್ಗಿ, ಕಿಟಕಿ ಕಟ್ಟೆಯನ್ನೇ ನೋಡುತ್ತಿದ್ದ. ಅವನು ಉಸಿರೂ ಬಿಡುತ್ತಿರಲಿಲ್ಲ.

"ಏನ್ ನೋಡ್ತಿದ್ದೀರಿ?"

"ಶ್!" ಅಂದ. "ನಿಮ್ಮವರೇ."

ಕಟ್ಟೆಯ ಮೇಲೆ ಇರುವೆಗಳ ಸಾಲು! ಯಾರೋ ಚೆಲ್ಲಿದ ಚಹಾದ ಸಿಹಿಗೆ ಬಂದವು. ಅವಳು ಜಗಳ ಮರೆತು ಪಕ್ಕದಲ್ಲೇ ಬಗ್ಗಿದಳು.

"ನನ್ನ ಇರುವೆಗಳು ದಾರಿ ತಪ್ಪಲ್ಲ ಸರ್," ಅಂದಳು ಮೆಲ್ಲಗೆ. "ವಾಸನೆ ಗೆರೆ ಒರೆಸಿದ್ರೂ ಮನೆ ಸೇರ್ತವೆ. ಪುಸ್ತಕಗಳಲ್ಲೆಲ್ಲ ಸೇರಲ್ಲ ಅಂತ ಇದೆ. ಅದಕ್ಕೇ ನನ್ನ ಪ್ರಯೋಗಾನೇ ತಪ್ಪು ಅಂದ್ಕೊಂಡು ಎರಡು ವರ್ಷ ಅತ್ತಿದ್ದೀನಿ. ಯಾಕೆ ಸೇರ್ತವೆ ಅಂತ ಇನ್ನೂ ಗೊತ್ತಾಗಿಲ್ಲ..."

ಅವನು ತಿರುಗಿ ನೋಡಿದ. ನಿನ್ನೆಯ ಕೊಂಕು ಆ ಕಣ್ಣಿನಲ್ಲಿರಲಿಲ್ಲ.

"ಒರೆಸಿದ್ರೆ ಸ್ವಲ್ಪ ಹೊತ್ತು ತಬ್ಬಿಬ್ಬಾಗ್ತವೆ, ಆಮೇಲೆ ಸರಿಹೋಗ್ತವೆ. ನಾನು ದಿನಾ ಒರೆಸ್ತೀನಲ್ಲ, ನೋಡಿದ್ದೀನಿ. ಆದ್ರೆ ಕಟ್ಟೆ ಮೇಲಿರೋ ಈ ಪುಸ್ತಕದ ರಾಶಿ ಆ ಕಡೆ ಸರಿಸಿದ ದಿನ ನೋಡ್ಬೇಕು ನೀವು! ಗೆರೆ ಹಾಗೇ ಇದ್ರೂ ದಿಕ್ಕು ತಪ್ಪಿ ಸುತ್ತುತ್ತಾನೇ ಇರ್ತವೆ."

ಅವಳ ತಲೆಯೊಳಗೆ ಸಾವಿರ ದೀಪ ಒಟ್ಟಿಗೆ ಹೊತ್ತಿದವು. ಆ ಬೆಳಕಿನಲ್ಲಿ ಒಂದು ಇಡೀ ಬೀದಿಯವರು ಪುಸ್ತಕ ಓದಬಹುದಿತ್ತು!

"ಗುರುತು! ವಾಸನೆ ಮಾತ್ರ ಅಲ್ಲ... ಅವು ಗುರುತು ನೋಡ್ಕೊಂಡು ಹೋಗ್ತವೆ! ಸರ್... ಸರ್!"

ಎಂದವಳೇ ಅವನ ಕೈ ಹಿಡಿದುಬಿಟ್ಟಳು. ಒದ್ದೆ ಬಟ್ಟೆ ಸಮೇತ. ನೀರು ಇಬ್ಬರ ಮೊಣಕೈ ತನಕ ಇಳಿಯಿತು. ಇಬ್ಬರಿಗೂ ಗೊತ್ತಾಗಲಿಲ್ಲ. ಇರುವೆಗಳಿಗೆ ಗೊತ್ತಾಯಿತು, ಅವು ಪ್ರವಾಹ ಬಂತೆಂದು ಓಡಿದವು.

---

ಆ ತಿಂಗಳು ಕಿಟಕಿ ಕಟ್ಟೆಯ ಮೇಲೆ ನಡೆದ ಪ್ರಯೋಗದಂಥ ಪ್ರಯೋಗ ಭೂಮಂಡಲದಲ್ಲಿ ಎಲ್ಲೂ ನಡೆದಿಲ್ಲ, ಮುಂದೆ ನಡೆಯುವುದೂ ಅನುಮಾನ.

ಅವಳು ಚಾಕ್‌ಪೀಸಿನಲ್ಲಿ ಗುರುತು ಹಾಕುವಳು, ಅವನು ರಾಶಿ ಸರಿಸುವನು. ಅವಳು ಸಕ್ಕರೆ ಇಡುವಳು, ಅವನು ಗಡಿಯಾರ ನೋಡುವನು. ಊಟದ ಬಿಡುವಿನಲ್ಲಿ ಡಬ್ಬಿ ಬಿಚ್ಚಿ ಕುಳಿತಾಗ ಅವನು ಅವಳ ಆಕರ ಪಟ್ಟಿ ತಿದ್ದುವನು.

"ಒಂದು ಪತ್ರಿಕೆ ಇನ್ನೂ ಹೊರಬರ್ತಾ ಇದ್ರೆ ಇಸವಿ ಹೇಗೆ ಹಾಕೋದು ಸರ್?"

"ಶುರುವಾದ ಇಸವಿ ಬರೀರಿ. ಮುಂದೆ ಒಂದು ಅಡ್ಡಗೆರೆ ಎಳೀರಿ. ಗೆರೆ ಆದಮೇಲೆ ಖಾಲಿ ಬಿಡಿ."

"ಖಾಲಿ ಬಿಟ್ರೆ ನೀವು ವಾಪಸ್ ಕಳಿಸಲ್ವಾ?"

"ಅದೊಂದು ಖಾಲಿಗೆ ಮಾತ್ರ ಕಳಿಸಲ್ಲ. ಇನ್ನೂ ನಡೀತಾ ಇದೆ, ಯಾವಾಗ ನಿಲ್ಲತ್ತೋ ಗೊತ್ತಿಲ್ಲ ಅಂತ ಅರ್ಥ."

ಇನ್ನೊಂದು ದಿನ ಅವಳು ಪೆನ್ನು ಕಚ್ಚುತ್ತಾ ಕೇಳಿದಳು, "ಯಾರೋ ಮಾತಾಡ್ತಾ ಮಾತಾಡ್ತಾ ಒಂದು ಒಳ್ಳೇ ವಿಷಯ ಹೇಳ್ತಾರೆ ಅಂತಿಟ್ಕೊಳ್ಳಿ. ಪುಸ್ತಕ ಅಲ್ಲ, ಲೇಖನ ಅಲ್ಲ, ಬರೀ ಮಾತು. ಅದನ್ನ ಪಟ್ಟೀಲಿ ಎಲ್ಲಿ ಸೇರಿಸೋದು?"

"ಸೇರಿಸಕೂಡದು!" ಅವನು ತುತ್ತು ಕೈಯಲ್ಲೇ ಹಿಡಿದು ನೆಟ್ಟಗಾದ. "ಪಟ್ಟಿ ಇರೋದು ನಿಮಗಲ್ಲ ಮೇಡಂ, ನಿಮ್ಮ ಹಿಂದೆ ಬರೋರಿಗೆ. ಅವರು ಅದನ್ನ ಹಿಡ್ಕೊಂಡು ಹೋದ್ರೆ ಆ ವಸ್ತು ಸಿಗ್ಬೇಕು. ಆಡಿದ ಮಾತು ಎಲ್ಲಿ ಸಿಗತ್ತೆ? ಅದನ್ನ ಒಳಗೆ, ಆ ವಾಕ್ಯದ ಪಕ್ಕದಲ್ಲೇ ಕಂಸ ಹಾಕಿ ಬರೀಬೇಕು. ಹೇಳಿದವರ ಹೆಸರು, ವೈಯಕ್ತಿಕ ಸಂಭಾಷಣೆ, ತಾರೀಖು. ಅಷ್ಟೇ. ಪಟ್ಟಿಗೆ ಬಂದ್ರೆ ಕೆಂಪು ಶಾಯಿ!"

ಅವಳು ತಲೆ ಬಗ್ಗಿಸಿ ಬರೆದುಕೊಂಡಳು. ಕೆನ್ನೆ ಯಾಕೋ ಬಿಸಿಯಾಗಿತ್ತು.

ಮನೆಯಲ್ಲಿ ಅಮ್ಮನಿಗೆ ತಲೆಚಿಟ್ಟು.

"ಅಮ್ಮಾ, ಉಪ್ಪು ಜಾಸ್ತಿ ತಿನ್ಬಾರ್ದಂತೆ, ಅವರು ಹೇಳಿದ್ರು. ಅಮ್ಮಾ, ನಾಳೆ ಬಿಸಿಲು ಜಾಸ್ತಿಯಂತೆ, ಅವರು ಹೇಳಿದ್ರು..."

"ಸೂರ್ಯ ಪೂರ್ವಕ್ಕೆ ಹುಟ್ತಾನೆ ಅನ್ನೋದನ್ನಾದ್ರೂ ನೀನೇ ಹೇಳ್ತೀಯಾ, ಅದನ್ನೂ ಅವನೇ ಹೇಳ್ಬೇಕಾ?" ಅಂದಳು ಅಮ್ಮ. "ಅವನಿಗೊಂದು ಹೆಸರು ಇದೆಯೋ ಇಲ್ವೋ?"

ಅವಳು ಹೆಸರು ಹೇಳಿದಳು. ಅವನ ಗುರುತಿನ ಚೀಟಿಯಲ್ಲಿ ಓದಿಕೊಂಡಿದ್ದ ನಿಜವಾದ ಹೆಸರು, ಇನಿಷಿಯಲ್ ಸಮೇತ. ಹೇಳುವಾಗ ದನಿ ಎಷ್ಟು ಮೆತ್ತಗಾಯಿತೆಂದರೆ ಸಾರಿನ ಕುದಿಯೂ ಸ್ವಲ್ಪ ತಗ್ಗಿತು.

ಅಮ್ಮ ಸೀಟಿಯನ್ನು ಮುಟ್ಟಿ ನೋಡಿಕೊಂಡಳು. ಊದಲಿಲ್ಲ. ನಕ್ಕಳು.

---

ಮೂರನೇ ಅಧ್ಯಾಯವನ್ನು ಅವಳು ಹೊಸದಾಗಿ ಬರೆದಳು. ಗೆದ್ದಲು ಹೋಯಿತು. ಆ ಜಾಗಕ್ಕೆ ಕಿಟಕಿ ಕಟ್ಟೆ ಬಂತು. ಅವನು ಹೇಳಿದ ಮಾತು ಬಂದಲ್ಲೆಲ್ಲ, ಅವನೇ ಹೇಳಿಕೊಟ್ಟ ಹಾಗೆ, ಕಂಸದೊಳಗೆ ಅವನ ಹೆಸರು. ಪ್ರತಿ ಸಲ ಆ ಹೆಸರು ಟೈಪ್ ಮಾಡಿದ ಮೇಲೂ ಅದನ್ನು ಮೆಲ್ಲಗೆ ಓದಿಕೊಂಡಳು.

'ಇದನ್ನ ಓದಿದ್ರೆ ಅವರಿಗೆ ಗೊತ್ತಾಗಿಬಿಡತ್ತೆ... ಎಲ್ಲಾ ಗೊತ್ತಾಗಿಬಿಡತ್ತೆ.'

ಆದರೆ ಅವನು ಒಳಗೆ ಓದುವವನಲ್ಲ! ಅದಕ್ಕೆ ಅವಳು ಒಂದು ಉಪಾಯ ಮಾಡಿದಳು. ಗುಲಾಬಿ ಬಣ್ಣದ ಖಾಲಿ ಚೀಟಿಯೊಂದನ್ನು ಆ ಅಧ್ಯಾಯದ ಮೊದಲ ಪುಟಕ್ಕೆ ಗುರುತಾಗಿ ಇಟ್ಟು, ತುದಿ ಹೊರಗೆ ಕಾಣುವ ಹಾಗೆ ಬಿಟ್ಟು, ಪ್ರಬಂಧವನ್ನು ಕೌಂಟರಿನ ಮೇಲೆ ಇಟ್ಟಳು.

"ನೋಡ್ತಿರಿ ಸರ್... ನಾನು ಚಹಾ ಕುಡಿದು ಬರ್ತೀನಿ," ಎಂದು ಓಡಿದಳು. ಎದುರಿಗೆ ನಿಂತು ಅವನ ಮುಖ ನೋಡುವ ಧೈರ್ಯ ಅವಳಿಗಿರಲಿಲ್ಲ.

ಅವಳು ಆಚೆ ಹೋದದ್ದೇ ತಡ, ಅವನು ಏನು ಮಾಡಿದ ಗೊತ್ತೇ? ಪ್ರಬಂಧವನ್ನು ಬೆನ್ನಿನಿಂದ ಹಿಡಿದ. ತಲೆಕೆಳಗೆ ಮಾಡಿದ. ಪಟಪಟ ಅಲ್ಲಾಡಿಸಿದ!

ಗುಲಾಬಿ ಚೀಟಿ ಮೇಜಿನ ಮೇಲೆ ಬಿತ್ತು. ಅವನು ಅದನ್ನು ಪಕ್ಕಕ್ಕಿಟ್ಟು, ಹಿಂದಿನಿಂದ ಪಟ್ಟಿ ತೆರೆದ. ಒಂದೊಂದೇ ಹೆಸರಿನ ಮೇಲೆ ಬೆರಳು ಇಳಿಯಿತು. ತನ್ನ ಹೆಸರು ಬರಬೇಕಾದ ಅಕ್ಷರದ ಹತ್ತಿರ ಬೆರಳು ನಿಂತಿತು.

ಇರಲಿಲ್ಲ.

ಮೇಲೆ ನೋಡಿದ, ಕೆಳಗೆ ನೋಡಿದ. ಮತ್ತೊಮ್ಮೆ ನೋಡಿದ. ಗೆದ್ದಲಿನವರ ಹೆಸರು ತೆಗೆದಿದ್ದಳು, ಸರಿ. ಆದರೆ ಕಿಟಕಿಯ ಮಾತು ಹೇಳಿದವನ ಹೆಸರು?

ಆಡಿದ ಮಾತು ಪಟ್ಟಿಗೆ ಬರಕೂಡದು ಅಂತ ಗುಡುಗಿದವನು ತಾನೇ ಅನ್ನುವುದು ಅವನಿಗೆ ನೆನಪಾಯಿತೇ? ಇಲ್ಲವೇ ಇಲ್ಲ! ಇಡೀ ವಿಶ್ವವಿದ್ಯಾಲಯಕ್ಕೆ ನಿಯಮ ಕುಡಿಸಿದ ಭೂಪ, ಎದೆಗೆ ಒಂದು ಚುಚ್ಚು ಬಿದ್ದ ಕೂಡಲೇ ಎಲ್ಲ ಮರೆತ.

'ನಾನು ಅವಳಿಗೆ ಒಂದು ಸಾಲೂ ಅಲ್ಲ...'

ಅವಳು ವಾಪಸ್ಸು ಬಂದಾಗ ಸೀಲು ಬಿದ್ದಿತ್ತು. ಗುಲಾಬಿ ಚೀಟಿ ಪ್ರಬಂಧದ ಹೊರಗೆ, ಮೇಜಿನ ಮೇಲೆ ಒಂಟಿಯಾಗಿ ಬಿದ್ದಿತ್ತು.

'ತೆಗೆದಿದ್ದಾರೆ... ಓದಿದ್ದಾರೆ!'

"ಸರ್... ನೋಡಿದ್ರಾ?" ಉಸಿರು ಬಿಗಿಹಿಡಿದು ಕೇಳಿದಳು.

"ನೋಡಿದೆ." ಅವನು ತಲೆ ಎತ್ತಲಿಲ್ಲ.

"ಏನೂ... ಹೇಳಲ್ವಾ?"

"ಹೇಳೋದೇನಿದೆ ಮೇಡಂ? ಎಲ್ಲಾ ಕ್ರಮಬದ್ಧವಾಗಿದೆ. ಮುಂದಿನವರು ಬನ್ನಿ."

ಅವಳು ಚೀಟಿ ಮಡಿಸಿ ಮುಷ್ಟಿಯಲ್ಲಿ ಬಿಗಿಹಿಡಿದು ಮೆಟ್ಟಿಲಿಳಿದಳು. ತಿಂಗಳ ಗಡುವಿನೊಳಗೆ ಪ್ರಬಂಧ ಸಲ್ಲಿಸಿ, ಐದು ವರ್ಷದ ಭಾರ ಇಳಿಸಿ, ಬಸ್ ನಿಲ್ದಾಣದಲ್ಲಿ ನಿಂತು ಅವಳು ಅತ್ತ ಅಳುವಿಗೆ ಬಸ್ಸೇ ತೇಲಿಹೋಗಬೇಕಿತ್ತು. ಡ್ರೈವರು ಗಟ್ಟಿಗ, ಹೇಗೋ ನಿಲ್ಲಿಸಿದ.

'ಓದಿಯೂ ಏನೂ ಹೇಳಲಿಲ್ಲ. ಇಷ್ಟ ಇಲ್ಲ ಅಂತ ಇದಕ್ಕಿಂತ ಸ್ಪಷ್ಟವಾಗಿ ಯಾರು ಹೇಳ್ತಾರೆ?'

ಆಮೇಲೆ ಅವಳು ಪುಸ್ತಕ ಬೇಕಾದರೆ ದೂರದ ಕೌಂಟರಿಗೆ ಹೋದಳು. ಅವನು ಕಿಟಕಿ ಕಡೆ ತಿರುಗಿ ಕೂತ. ನಡುವೆ ಇದ್ದದ್ದು ಹತ್ತು ಹೆಜ್ಜೆ. ಆದರೆ ಹಡಗು ಬೇಕಾಗುತ್ತಿತ್ತು.

---

ಮೌಖಿಕ ಪರೀಕ್ಷೆಯ ದಿನ ಬಂತು. ಎಲ್ಲರೂ ಬಂದು ಕೂರಬಹುದಾದ ಪರೀಕ್ಷೆ. ಹಿಂದಿನ ಸಾಲಿನಲ್ಲಿ ಅಮ್ಮ, ಇಸ್ತ್ರಿ ಸೀರೆ, ಕೊರಳಲ್ಲಿ ಸೀಟಿ.

ಪರೀಕ್ಷಕಿ ಹೊರಗಿನಿಂದ ಬಂದವರು. ಬೆಳ್ಳಿ ಕೂದಲು, ಸಣ್ಣ ದನಿ. ಆ ಸಣ್ಣ ದನಿಗೆ ಹೆದರಿ ಎಷ್ಟೋ ಜನ ಪಿಎಚ್‌ಡಿ ಬಿಟ್ಟು ಅಂಗಡಿ ಇಟ್ಟಿದ್ದರಂತೆ.

"ಮೂರನೇ ಅಧ್ಯಾಯ ಚೆನ್ನಾಗಿದೆಯಮ್ಮಾ," ಅಂದರು. "ಆದ್ರೆ ನಂಗೊಂದು ಅನುಮಾನ." ಇನಿಷಿಯಲ್ ಸಮೇತ ಒಂದು ಹೆಸರನ್ನು ಗಟ್ಟಿಯಾಗಿ ಓದಿದರು. "ಯಾರಿವರು?"

ಸಭೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಗೈಡ್ ಮೇಷ್ಟ್ರು ಪಿಸುಗುಟ್ಟಿದರು, "ಹೊರದೇಶದವರೇನಮ್ಮಾ?" ಅವರೂ ಪ್ರಬಂಧ ಓದಿರಲಿಲ್ಲ ಅನ್ನುವುದು ಬೇರೆ ಮಾತು.

"ಹಾಳೆ ತಿರುಗಿಸಿದ್ರೆ ಇವರು. ಮತ್ತೆ ತಿರುಗಿಸಿದ್ರೆ ಇವರು," ಪರೀಕ್ಷಕಿ ಮುಂದುವರಿಸಿದರು. "ಇರುವೆಗೆ ಸಕ್ಕರೆ ಇಷ್ಟ ಅನ್ನೋದಕ್ಕೂ ಇವರೇ ಆಧಾರನಾ? ಎಲ್ಲಾ ವೈಯಕ್ತಿಕ ಸಂಭಾಷಣೆ. ಹಿಂದೆ ಪಟ್ಟೀಲಿ ಹೆಸರೇ ಇಲ್ಲ, ಯಾಕೆ?"

ಅವಳು ಪಾಠ ಒಪ್ಪಿಸುವವಳ ಹಾಗೆ ಶುರು ಮಾಡಿದಳು.

"ಆಡಿದ ಮಾತನ್ನ ಓದುಗರು ಹೋಗಿ ಹುಡುಕೋಕಾಗಲ್ಲ ಮೇಡಂ. ಅದಕ್ಕೆ ಪಟ್ಟಿಗೆ ಹಾಕಬಾರದು, ಮಾತಿನ ಪಕ್ಕದಲ್ಲೇ ಹೆಸರು ಬರೀಬೇಕು. ಇದನ್ನ... ಅವರೇ ಹೇಳಿಕೊಟ್ಟಿದ್ದು."

"ನಿಯಮ ಸರಿ. ಆದ್ರೆ ಅಧ್ಯಾಯ ಇವರಿಂದ ಶುರುವಾಗತ್ತೆ. ಇಂಥವರೊಬ್ಬರು ಇದ್ದಾರೆ, ಈ ಮಾತು ಹೇಳಿದ್ದಾರೆ ಅನ್ನೋದಾದ್ರೂ ಗೊತ್ತಾಗ್ಬೇಕಲ್ಲ? ಎಲ್ಲಿದ್ದಾರೆ?"

"ಇಲ್ಲೇ... ಗ್ರಂಥಾಲಯದಲ್ಲಿ. ಕಿಟಕಿ ಪಕ್ಕದ ಕೌಂಟರು. ಅಲ್ಪವಿ..." ನಾಲಿಗೆ ಕಚ್ಚಿಕೊಂಡಳು. "ಆದ್ರೆ ಅವರು ಬರಲ್ಲ ಮೇಡಂ."

"ಯಾಕೆ ಬರಲ್ಲ?!"

ಈ ದನಿ ಪರೀಕ್ಷಕಿಯದಲ್ಲ. ಹಿಂದಿನ ಸಾಲಿನಿಂದ ಅಮ್ಮ ಎದ್ದು ನಿಂತಿದ್ದಳು.

"ತಾಳ್ರೀ, ಕರ್ಕೊಂಡ್ ಬರ್ತೀನಿ."

ಅಮ್ಮ ಅಂಗಳ ದಾಟಿದ ವೇಗಕ್ಕೆ ಒಣಗಿದ ಎಲೆಗಳು ಎದ್ದು ಅವಳ ಹಿಂದೆ ಓಡಿದವು. ಗ್ರಂಥಾಲಯದಲ್ಲಿ ಕಿಟಕಿಯ ಹತ್ತಿರ ಒದ್ದೆ ಬಟ್ಟೆ ಹಿಡಿದು ಶೂನ್ಯ ನೋಡುತ್ತಾ ಕೂತಿದ್ದ ಅವನ ಮುಂದೆ ಹೋಗಿ ನಿಂತಳು.

"ಏನಪ್ಪಾ, ನೀನೇನಾ ಆ ಆಕರ?"

"ಏ... ಏನಮ್ಮಾ?"

"ನನ್ನ ಮಗಳ ಆಕರ ನೀನಂತೆ. ಅಲ್ಲಿ ಕೇಳ್ತಿದ್ದಾರೆ, ಇದೆಯೋ ಇಲ್ವೋ ಅಂತ. ಏಳು!"

"ಅಮ್ಮಾ, ನನ್ನ ಹೆಸರು ಅದರಲ್ಲಿ ಇಲ್ಲ. ನಾನೇ ನೋಡಿದ್ದೀನಿ, ಪಟ್ಟೀಲಿ..."

ಪೀ...........!

ಗ್ರಂಥಾಲಯದಲ್ಲಿ ಸೀಟಿ! ಮೂಲೆಯ ಸಂಶೋಧಕ ಈ ಸಲ ಎದ್ದವನು ಮತ್ತೆ ಮಲಗಲೇ ಇಲ್ಲ, ಆ ವರ್ಷವೇ ಪಿಎಚ್‌ಡಿ ಮುಗಿಸಿದ.

ಒದ್ದೆ ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ಅಲ್ಪವಿರಾಮ ಸಭೆಯ ಬಾಗಿಲಲ್ಲಿ ಬಂದು ನಿಂತ. ಅವಳು ನೆಲ ನೋಡಿದಳು. ಪರೀಕ್ಷಕಿ ಇಬ್ಬರನ್ನೂ ನೋಡಿದರು.

"ಈ ಸೀಲು ನಿಮ್ಮದೇ ಅಲ್ವೇನ್ರೀ? ಪ್ರಬಂಧ ಪರಿಶೀಲಿಸಿದ್ದೀರಿ, ನಿಮ್ಮ ಹೆಸರೇ ಕಾಣ್ಲಿಲ್ವಾ?"

"ನಾನು... ಪಟ್ಟಿ ಮಾತ್ರ ನೋಡ್ತೀನಿ ಮೇಡಂ."

"ಇವತ್ತು ಒಳಗೂ ನೋಡಿ. ಗಟ್ಟಿಯಾಗಿ ಓದಿ."

ಪ್ರಬಂಧ ಅವನ ಕೈಗೆ ಬಂತು. ಅಭ್ಯಾಸಬಲದಿಂದ ತಲೆಕೆಳಗೆ ಮಾಡಲು ಹೋದವನು ತಡೆದುಕೊಂಡ. ತೆರೆದ ಪುಟದ ಮೇಲೆ ಅವನ ದನಿ ಎಡವುತ್ತಾ ನಡೆಯಿತು.

"'ಈ ಅಧ್ಯಾಯ ಹುಟ್ಟಿದ್ದು ಒಂದು ಕಿಟಕಿ ಕಟ್ಟೆಯ ಮೇಲೆ. ಎಲ್ಲರೂ ಒರೆಸಿ ಹೋಗುವ ಜಾಗವನ್ನು ಒಬ್ಬರು ನಿಂತು ನೋಡಿದರು. ನೋಡುವುದು ಹೇಗೆಂದು ನನಗೂ ತೋರಿಸಿದರು...'"

ಅದರ ಪಕ್ಕದಲ್ಲಿ ಕಂಸ. ಕಂಸದೊಳಗೆ ಅವನ ಹೆಸರು, ಪೂರ್ತಿ ಹೆಸರು. ಎಷ್ಟೋ ವರ್ಷಗಳಿಂದ ಯಾರೂ ಕರೆಯದ ಹೆಸರು.

ಮುಂದೆ ಅವನಿಗೆ ಅಕ್ಷರ ಕಾಣಲಿಲ್ಲ. ಕನ್ನಡಕ ಮಂಜಾಗಿತ್ತು. ತೆಗೆದು ಒದ್ದೆ ಬಟ್ಟೆಯಲ್ಲೇ ಒರೆಸಿದ, ಇನ್ನಷ್ಟು ಮಂಜಾಯಿತು.

"ಹೇಳಿದ್ದು ನೀವೇ ತಾನೇ?" ಪರೀಕ್ಷಕಿಯ ತುಟಿಯಂಚಿನಲ್ಲಿ ನಗು. "ಎಷ್ಟು ದಿನದಿಂದ ನೋಡ್ತಿದ್ದೀರಿ?"

"ಇರುವೆನಾ... ಮೇಡಂನಾ?"

ಸಭೆಯಲ್ಲಿ ಛಾವಣಿ ಹಾರುವಂಥ ನಗು! ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಬೆರಳ ಸಂದಿಯಿಂದ ನೋಡಿದಳು. ಅವನೂ ನೋಡುತ್ತಿದ್ದ.

"ಸಾಕು, ಸಾಕು," ಅಂದರು ಪರೀಕ್ಷಕಿ. "ಆಕರ ಅಸಲಿ. ಡಾಕ್ಟರೇಟ್ ಕೊಡೋಕೆ ನಂದೇನೂ ಅಭ್ಯಂತರ ಇಲ್ಲ."

ಚಪ್ಪಾಳೆಗಳ ನಡುವೆ ಇನ್ನೊಂದು ಸೀಟಿ ಕೇಳಿಸಿತು. ಈ ಸಲ ಅದು ಸಂತೋಷದ್ದು.

---

ಸಂಜೆಯ ಹಳದಿ ಬಿಸಿಲು ಗ್ರಂಥಾಲಯದ ಕಿಟಕಿಯೊಳಗೆ ಇಣುಕುತ್ತಿತ್ತು. ಇಣುಕದೇ ಇರುತ್ತದೆಯೇ? ಲೋಕಕ್ಕೆ ಲೋಕವೇ ಇಣುಕುವಂಥ ಹೊತ್ತು ಅದು.

"ಚೀಟಿ ಹೊರಗೆ ಬಿದ್ದಿತ್ತು," ಅಂದಳು ಅವಳು. "ನೀವು ಆ ಪುಟ ಓದಿ, ಬೇಡ ಅಂದ್ರಿ ಅಂದ್ಕೊಂಡೆ."

"ಅಲ್ಲಾಡಿಸಿದೆ... ಬಿತ್ತು," ಅಂದ ಅವನು, ತಲೆ ತಗ್ಗಿಸಿ. "ಪಟ್ಟೀಲಿ ನನ್ನ ಹೆಸರಿಲ್ಲ, ನಿಮಗೆ ನಾನು ಯಾರೂ ಅಲ್ಲ ಅಂದ್ಕೊಂಡೆ."

"ನಿಯಮ ಹೇಳಿಕೊಟ್ಟೋರು ಯಾರು?"

"ನಾನೇ."

"ಫೌಲ್ ಯಾರದ್ದು?"

"ನಂದೇ!"

ಇಬ್ಬರೂ ನಕ್ಕರು. ನಗು ನಿಂತ ಮೇಲೆ ಅವನು ಒಂದು ಸಲ ಉಸಿರೆಳೆದುಕೊಂಡು, ಕೆಂಪು ಶಾಯಿಯನ್ನೇ ಕಂಡರಿಯದವನ ಹಾಗೆ ತೊದಲಿದ.

"ನಂಗೆ... ನೀವಂದ್ರೆ ತುಂಬಾ ಇಷ್ಟ. ಪ್ರೀತಿ."

"ಆಧಾರ?" ಅವಳು ಗಲ್ಲ ಎತ್ತಿದಳು. ಕಣ್ಣು ತುಂಬಿತ್ತು.

ಅವನು ಕಿಟಕಿ ಕಟ್ಟೆಯ ಕಡೆ ಕೈ ತೋರಿಸಿದ. ಪ್ರಯೋಗದ ಕೊನೆಯ ದಿನ ಇಟ್ಟಿದ್ದ ಪುಸ್ತಕದ ರಾಶಿ ಅಲ್ಲೇ ಇತ್ತು. ಸುತ್ತ ಅವಳ ಚಾಕ್‌ಪೀಸಿನ ಗುರುತು. ಒಂದು ಪುಸ್ತಕವೂ, ಒಂದು ಗೆರೆಯೂ ಕದಲಿರಲಿಲ್ಲ.

"ಗ್ರಂಥಪಾಲಕರು ದಿನಾ ಬೈದ್ರು. ಸರಿಸ್ಲಿಲ್ಲ. ಗುರುತು ಕದಲಿಸಿದ್ರೆ... ನೀವು ವಾಪಸ್ ಬರೋ ದಾರಿ ತಪ್ಪಿಬಿಟ್ರೆ ಅಂತ ಭಯ."

ಅವಳು ಬಾಚಿ ಅವನ ಕೈ ಹಿಡಿದಳು, ಒದ್ದೆ ಬಟ್ಟೆ ಸಮೇತ. ನೀರು ಮತ್ತೆ ಮೊಣಕೈ ತನಕ ಇಳಿಯಿತು. ಈ ಸಲ ಇಬ್ಬರಿಗೂ ಗೊತ್ತಾಯಿತು, ಇಬ್ಬರೂ ಬಿಡಲಿಲ್ಲ.

"ಆದ್ರೂ ಒಂದು ತಿದ್ದುಪಡಿ ಇದೆ ಮೇಡಂ," ಅಂದ ಸ್ವಲ್ಪ ಹೊತ್ತಿನ ಮೇಲೆ.

"ಇನ್ನೂನಾ?!"

"ವೈಯಕ್ತಿಕ ಸಂಭಾಷಣೆ ಅಂತ ಬರೆದು ಒಂದೇ ತಾರೀಖು ಹಾಕಿದ್ದೀರ. ಆ ದಿನಕ್ಕೇ ಮುಗೀತಾ ಅದು?"

ಅವಳು ಪ್ರಬಂಧ ತೆರೆದಳು. ಅವನ ಜೇಬಿನ ಪೆನ್ನು ತೆಗೆದುಕೊಂಡು, ಆ ಇಸವಿಯ ಮುಂದೆ ಒಂದು ಪುಟ್ಟ ಅಡ್ಡಗೆರೆ ಎಳೆದಳು.

"ಗೆರೆ ಆದಮೇಲೆ?" ಅಂದ ಅವನು, ಮೆಲ್ಲಗೆ.

"ಖಾಲಿ."

"ಎಷ್ಟು ಜಾಗ ಬಿಡೋಣ?"

ಅವಳು ಅವನ ಭುಜಕ್ಕೆ ತಲೆ ಆನಿಸಿ, ಸಾಲಿನ ಮೇಲೆ ಬೆರಳಾಡಿಸುತ್ತಾ ಪುಟದ ಅಂಚಿನ ತನಕ ಹೋದಳು. ಅಲ್ಲೂ ನಿಲ್ಲಲಿಲ್ಲ.

"ಬಿಡಿ," ಅಂದಳು. "ಪುಟ ಸಾಲಲ್ಲ."